ಏರ್‌ಪೋರ್ಟ್‌ನಲ್ಲಿ ಮಳಿಗೆ: ಕರಾರಿನಿಂದ ಷಟರ್ ಎತ್ತುವವರೆಗೆ

ಊರಿನ ಪೇಟೆಯಲ್ಲಿ ಅಂಗಡಿ ಹಿಡಿದರೆ ಅಡ್ವಾನ್ಸ್ ಕೊಟ್ಟ ಮರುದಿನವೇ ಬಡಗಿ ಬಂದು ಅಳತೆ ತೆಗೆಯುತ್ತಾನೆ. ಗೋಡೆ ಒಡೆಯಬೇಕಾದರೆ ಮಾಲೀಕರ ಕಿವಿಗೆ ಒಂದು ಮಾತು ಹಾಕಿದರಾಯಿತು. ವಿಮಾನ ನಿಲ್ದಾಣದ ಟರ್ಮಿನಲ್‌ನಲ್ಲಿ ಅಷ್ಟೇ ಜಾಗ ಸಿಕ್ಕರೂ ಮೊದಲ ಮೊಳೆ ಹೊಡೆಯುವ ಮುನ್ನ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಗದದ ಕೆಲಸವಿರುತ್ತದೆ. ಕಾಫಿ ಕೌಂಟರ್ ಹಾಕಲು ಹೊರಟ ಹೋಟೆಲಿನವರು, ರೇಷ್ಮೆ ಸೀರೆ ಮಾರುವವರು, ಚನ್ನಪಟ್ಟಣದ ಗೊಂಬೆ ಇಡಬೇಕೆನ್ನುವವರು ಹಲವರು ಈ ಹಂತದಲ್ಲೇ ದಣಿಯುತ್ತಾರೆ. ಯಾವ ಮೇಜಿನಲ್ಲಿ ಯಾವ ಪ್ರಶ್ನೆ ಬರುತ್ತದೆಂದು ಮೊದಲೇ ಗೊತ್ತಿದ್ದರೆ ಆ ದಣಿವಿನಲ್ಲಿ ಅರ್ಧ ಉಳಿಯುತ್ತದೆ. ಈ ಬರಹ ಅದಕ್ಕಾಗಿ.

ಶುರುವಿಗೇ ಒಂದು ಸಂಗತಿ ಮನಸ್ಸಿನಲ್ಲಿರಲಿ. ನಿಮ್ಮ ಮಳಿಗೆಯನ್ನು ನಿಲ್ದಾಣದವರು ತಮ್ಮ ಕಟ್ಟಡದಲ್ಲಿ ಆಗುತ್ತಿರುವ ಒಂದು ಬದಲಾವಣೆ ಎಂದು ನೋಡುತ್ತಾರೆ. ಬೆಂಕಿ ಬಿದ್ದರೆ ಹೊಗೆ ಎತ್ತ ಹೋಗುತ್ತದೆ, ಜನ ಎತ್ತ ಓಡುತ್ತಾರೆ, ಈ ಕೆಲಸಕ್ಕಾಗಿ ಒಳಗೆ ಬರುವವರು ಯಾರು, ಮೇಲೆ ಹಾದುಹೋಗುವ ಪೈಪು ಕೇಬಲ್ಲುಗಳಿಗೆ ಏನಾಗುತ್ತದೆ ಎಂದು ಕೇಳುತ್ತಾರೆ. ಅವರು ಕೇಳುವ ನೂರು ಕಾಗದಗಳೂ ಸುತ್ತಿ ಬಳಸಿ ಈ ನಾಲ್ಕು ಪ್ರಶ್ನೆಗಳಿಗೇ ಉತ್ತರ.

ಈ ಎಚ್ಚರಿಕೆಗೆ ಕಾರಣವಿದೆ. 1996ರ ಏಪ್ರಿಲ್ 11ರಂದು ಜರ್ಮನಿಯ ಡ್ಯುಸೆಲ್‌ಡಾರ್ಫ್ ನಿಲ್ದಾಣದಲ್ಲಿ ಟರ್ಮಿನಲ್‌ನ ಮೇಲ್ಭಾಗದ ರಸ್ತೆಯಲ್ಲಿ ವೆಲ್ಡಿಂಗ್ ನಡೆಯುತ್ತಿತ್ತು. ಕಾದ ಲೋಹದ ಹನಿಗಳು ಸಂದಿನಿಂದ ಕೆಳಗಿಳಿದು ಸೀಲಿಂಗ್ ಮೇಲಿದ್ದ ಪಾಲಿಸ್ಟೈರೀನ್ ಹೊದಿಕೆಗೆ ಬಿದ್ದವು. ಬೆಂಕಿ ಕಣ್ಣಿಗೆ ಕಾಣದಂತೆ ಸೀಲಿಂಗ್ ಒಳಗೇ ಹಬ್ಬಿ, ಕಡೆಗೆ ಕಪ್ಪು ಹೊಗೆಯಾಗಿ ಕೆಳಗಿಳಿಯಿತು. 17 ಮಂದಿ ಸತ್ತರು. ಅವರಲ್ಲಿ ಕೆಲವರು ಲಾಂಜ್‌ನಲ್ಲಿ, ಕೆಲವರು ಲಿಫ್ಟಿನಲ್ಲಿ ಸಿಕ್ಕಿಕೊಂಡವರು. ಒಂದು ಸಾಮಾನ್ಯ ರಿಪೇರಿ ಕೆಲಸ ಎಲ್ಲಿಗೆ ಮುಟ್ಟಬಹುದು ಎಂಬುದನ್ನು ನಿಲ್ದಾಣ ನಡೆಸುವವರು ಅಂದಿನಿಂದ ಮರೆತಿಲ್ಲ. ಕೆಳಗಿನ ಹಂತಗಳಲ್ಲಿ ಅತಿ ಎನ್ನಿಸುವ ನಿಯಮ ಎದುರಾದಾಗ ಈ ಘಟನೆಯನ್ನು ನೆನೆಸಿಕೊಳ್ಳಿ.

ಹಂತ 1: ಯಾರ ನಿಲ್ದಾಣ ಎಂದು ತಿಳಿದುಕೊಳ್ಳಿ

ಅರ್ಜಿ ಯಾರಿಗೆ ಎಂಬುದು ನಿಲ್ದಾಣ ಯಾರ ಕೈಯಲ್ಲಿದೆ ಎಂಬುದರ ಮೇಲೆ ನಿಂತಿದೆ. ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವನ್ನು 2008ರ ಮೇ ತಿಂಗಳಿಂದ ನಡೆಸುತ್ತಿರುವುದು ಬೆಂಗಳೂರು ಇಂಟರ್‌ನ್ಯಾಷನಲ್ ಏರ್‌ಪೋರ್ಟ್ ಲಿಮಿಟೆಡ್, ಎಲ್ಲರ ಬಾಯಲ್ಲಿ ಬಿಐಎಎಲ್. ಖಾಸಗಿ ಹೂಡಿಕೆದಾರರ ಜೊತೆಗೆ ರಾಜ್ಯ ಸರ್ಕಾರದ ಕೆಎಸ್‌ಐಐಡಿಸಿಗೂ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೂ ಅದರಲ್ಲಿ ಪಾಲಿದೆ. ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ನಿಲ್ದಾಣಗಳು ಪ್ರಾಧಿಕಾರದವು, ಅಂದರೆ ಎಎಐನವು. ಮಂಗಳೂರು 2020ರ ಅಕ್ಟೋಬರ್ ಕೊನೆಯಿಂದ ಅದಾನಿ ಸಮೂಹದ ಕೈಯಲ್ಲಿದೆ. 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಶಿವಮೊಗ್ಗ ನಿಲ್ದಾಣವನ್ನು ರಾಜ್ಯ ಸರ್ಕಾರವೇ ನಡೆಸುತ್ತಿದೆ.

ದೊಡ್ಡ ಖಾಸಗಿ ನಿಲ್ದಾಣಗಳಲ್ಲಿ ಇನ್ನೊಂದು ಪದರವೂ ಇರಬಹುದು. ತಿಂಡಿ ಮಳಿಗೆಗಳನ್ನೆಲ್ಲ ಒಟ್ಟಾಗಿ ಒಂದು ಕಂಪನಿಗೆ ಕೊಟ್ಟು, ಆ ಕಂಪನಿ ನಿಮ್ಮಂಥವರಿಗೆ ಬ್ರ್ಯಾಂಡ್ ಲೆಕ್ಕದಲ್ಲಿ ಜಾಗ ಕೊಡುತ್ತದೆ. ಹೀಗಿದ್ದರೆ ನಿಮ್ಮ ಡ್ರಾಯಿಂಗ್ ಮೊದಲು ಆ ಕಂಪನಿಯ ಮೇಜಿಗೆ, ಅಲ್ಲಿಂದ ನಿಲ್ದಾಣದ ಮೇಜಿಗೆ ಹೋಗುತ್ತದೆ. ಎರಡು ಕಡೆಯ ದಿನಗಳನ್ನೂ ಲೆಕ್ಕ ಹಾಕಿಕೊಳ್ಳಿ.

ನಿಲ್ದಾಣದವರ ಮೇಲೂ ಕಣ್ಣುಗಳಿವೆ. ನಿಲ್ದಾಣಕ್ಕೆ ಲೈಸೆನ್ಸ್ ಕೊಡುವುದು ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಭದ್ರತೆಯ ನಿಯಮ ಬರೆಯುವುದು ಬಿಸಿಎಎಸ್, ಅಂದರೆ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ. ಗೇಟಿನಲ್ಲಿ ಆ ನಿಯಮವನ್ನು ಕಾಯುವುದು ಕೇಂದ್ರದ ಭದ್ರತಾ ಪಡೆ ಸಿಐಎಸ್‌ಎಫ್. ಅಂತರರಾಷ್ಟ್ರೀಯ ವಿಭಾಗದಲ್ಲಿ ಮಳಿಗೆ ಹಿಡಿದರೆ ಕಸ್ಟಮ್ಸ್ ಇಲಾಖೆಯೂ ಸೇರಿಕೊಳ್ಳುತ್ತದೆ. ನಿಮಗೆ ಜಾಗ ಕೊಟ್ಟ ಕಮರ್ಷಿಯಲ್ ವಿಭಾಗದ ಮ್ಯಾನೇಜರು ಎಷ್ಟೇ ಒಳ್ಳೆಯವರಾದರೂ ಇವುಗಳ ಪರವಾಗಿ 'ಆಗಲಿ' ಎನ್ನುವ ಅಧಿಕಾರ ಅವರಿಗಿಲ್ಲ. ಹೊಸಬರು ಎಡವುವುದು ಇಲ್ಲಿಯೇ: ಕಮರ್ಷಿಯಲ್‌ನವರು ಬಾಯಿಮಾತಿನಲ್ಲಿ ಒಪ್ಪಿದ್ದನ್ನು ಒಪ್ಪಿಗೆಯೆಂದು ತಿಳಿದು ಫರ್ನಿಚರಿಗೆ ಆರ್ಡರ್ ಕೊಟ್ಟುಬಿಡುತ್ತಾರೆ.

ಇಷ್ಟೆಲ್ಲ ಹೊರುವ ಶಕ್ತಿ ಇಲ್ಲದ ಸ್ವಸಹಾಯ ಸಂಘಗಳಿಗೆ ಬೇರೆ ದಾರಿಯಿದೆ. ಎಎಐ 2022ರಲ್ಲಿ ತಂದ 'ಅವಸರ್' ಯೋಜನೆಯಲ್ಲಿ ತನ್ನ ನಿಲ್ದಾಣಗಳಲ್ಲಿ 100ರಿಂದ 200 ಚದರಡಿಯಷ್ಟು ಜಾಗವನ್ನು ಸಂಘಗಳಿಗೆ ಸರದಿಯಂತೆ ಕೆಲವು ದಿನಗಳ ಮಟ್ಟಿಗೆ ಕೊಡುತ್ತದೆ. ಗೋಡೆ, ಸೀಲಿಂಗ್ ಕಟ್ಟುವ ಗೋಜು ಅಲ್ಲಿರದು. ಮಾರುಕಟ್ಟೆಯ ನಾಡಿ ನೋಡಲು ಅದು ಒಳ್ಳೆಯ ಮೊದಲ ಹೆಜ್ಜೆ.

ಹಂತ 2: ಕರಾರಿನಲ್ಲಿ ಗಡಿಯಾರ ಎಲ್ಲಿಂದ ಓಡುತ್ತದೆ ನೋಡಿ

ನಿಮಗೆ ಸಿಗುವುದು ಸಾಮಾನ್ಯವಾಗಿ ಲೈಸೆನ್ಸ್. ಪೇಟೆಯ ಬಾಡಿಗೆದಾರನಿಗೆ ಇರುವ ಹಕ್ಕುಗಳನ್ನು ಇಲ್ಲಿ ನಿರೀಕ್ಷಿಸಬೇಡಿ. ಎಎಐ ಜಾಗದಿಂದ ಅನಧಿಕೃತರನ್ನು ಎಬ್ಬಿಸಲು 1994ರ ಪ್ರಾಧಿಕಾರ ಕಾಯ್ದೆಯಲ್ಲೇ ಪ್ರತ್ಯೇಕ ಅಧ್ಯಾಯವಿದೆ.

ಹಣದ ವಿಷಯದಲ್ಲಿ ಎಲ್ಲರೂ ಕನಿಷ್ಠ ಖಾತರಿ ಮೊತ್ತ ಎಷ್ಟು, ವ್ಯಾಪಾರದಲ್ಲಿ ಶೇಕಡಾ ಎಷ್ಟು ಎಂದು ಕೇಳುತ್ತಾರೆ. ಅಷ್ಟೇ ಮುಖ್ಯವಾದ ಪ್ರಶ್ನೆ ಬೇರೆಯಿದೆ. ಆ ಮೊತ್ತ ಯಾವ ದಿನದಿಂದ ಎಣಿಕೆಯಾಗುತ್ತದೆ? ಜಾಗ ಕೈಗೆ ಬಂದ ದಿನದಿಂದಲೋ, ಡ್ರಾಯಿಂಗ್ ಒಪ್ಪಿಗೆಯಾದ ದಿನದಿಂದಲೋ, ಮಳಿಗೆ ತೆರೆದ ದಿನದಿಂದಲೋ? ಕರಾರಿನಲ್ಲಿ ಫಿಟ್‌ಔಟ್ ಅವಧಿ, ಅಂದರೆ ಮಳಿಗೆ ಸಜ್ಜುಗೊಳಿಸುವ ಅವಧಿ ಎಂದು ಇಂತಿಷ್ಟು ದಿನ ಬರೆದಿರುತ್ತಾರೆ. ಆ ಅವಧಿ ಮುಗಿದೊಡನೆ ಮಳಿಗೆ ತೆರೆದಿರಲಿ ಬಿಡಲಿ ಶುಲ್ಕದ ಮೀಟರ್ ಓಡಲು ಶುರು. ಒಪ್ಪಿಗೆಯ ಓಡಾಟವೂ ಆ ದಿನಗಳ ಒಳಗೇ ಸೇರಿದ್ದರೆ ಬಡಗಿಗೆ ಉಳಿಯುವುದು ಕೈಬೆರಳೆಣಿಕೆಯ ವಾರಗಳು. ಸಹಿ ಹಾಕುವ ಮುನ್ನ, ನಿಲ್ದಾಣದವರ ಕಡೆಯಿಂದ ಆಗುವ ವಿಳಂಬವನ್ನು ಈ ಲೆಕ್ಕದಿಂದ ಬಿಡಬೇಕೆಂದು ಲಿಖಿತವಾಗಿ ಕೇಳಿ. ಎಲ್ಲರೂ ಒಪ್ಪುವುದಿಲ್ಲ, ಆದರೆ ಸಹಿಗೆ ಮುಂಚೆಯಲ್ಲದೆ ಇದನ್ನು ಕೇಳಲು ಬೇರೆ ಸಮಯವಿಲ್ಲ.

ಜಾಗ ಯಾವ ಸ್ಥಿತಿಯಲ್ಲಿ ಸಿಗುತ್ತದೆ ಎಂಬುದನ್ನೂ ಬರೆಸಿಕೊಳ್ಳಿ. ಬರೀ ನೆಲ ಮತ್ತು ಮೂರು ಗೋಡೆಯೇ, ಇಲ್ಲ ವಿದ್ಯುತ್ತು, ತಣ್ಣನೆಯ ಗಾಳಿ, ನೀರು, ಚರಂಡಿ ಸಂಪರ್ಕ ಮಳಿಗೆಯ ಅಂಚಿನವರೆಗೆ ಬಂದಿದೆಯೇ? ಎಷ್ಟು ಕಿಲೋವ್ಯಾಟ್ ಕೊಡುತ್ತಾರೆ? ಇಡ್ಲಿ ಸ್ಟೀಮರ್, ದೋಸೆ ಹಂಚು, ಕಾಫಿ ಯಂತ್ರ, ಫ್ರಿಜ್ಜು ಎಲ್ಲವೂ ವಿದ್ಯುತ್ತಿನವಾದರೆ ಸಣ್ಣ ಕೌಂಟರಿಗೂ ದೊಡ್ಡ ಲೋಡ್ ಬೇಕಾಗುತ್ತದೆ. ಟರ್ಮಿನಲ್ ಒಳಗೆ ಎಲ್‌ಪಿಜಿ ಸಿಲಿಂಡರ್ ಇಡುವ ಆಸೆಯನ್ನು ಮೊದಲೇ ಬಿಡಿ. ಮೆನು ಬರೆಯುವ ಮೊದಲು ಲೋಡ್ ಕೇಳಿಕೊಳ್ಳಿ.

ಗಮನಿಸಬೇಕಾದ ಇನ್ನೊಂದು ಷರತ್ತು: ಸ್ಪ್ರಿಂಕ್ಲರ್, ಫೈರ್ ಅಲಾರ್ಮ್‌ನಂಥ ಕಟ್ಟಡದ ಜೀವನಾಡಿಗಳನ್ನು ನಿಮ್ಮ ಕಾಂಟ್ರಾಕ್ಟರ್ ಮುಟ್ಟುವಂತಿಲ್ಲ, ನಿಲ್ದಾಣ ಗೊತ್ತುಪಡಿಸಿದ ಏಜೆನ್ಸಿಯೇ ಮಾಡಬೇಕು, ಖರ್ಚು ನಿಮ್ಮದು ಎಂದು ಹಲವು ಕಡೆ ಇರುತ್ತದೆ. ಅದರ ದರಪಟ್ಟಿ ಈಗಲೇ ತರಿಸಿಕೊಳ್ಳಿ. ಕೆಲಸದ ಅವಧಿಗೆ ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ ವಿಮೆ, ಮೂರನೆಯವರಿಗೆ ಆಗುವ ಹಾನಿಯ ವಿಮೆ, ಕೆಲಸಗಾರರ ಪರಿಹಾರ ವಿಮೆಗಳನ್ನೂ ಕೇಳುತ್ತಾರೆ. ಪಾಲಿಸಿಯ ಪ್ರತಿ ಇಲ್ಲದೆ ಮುಂದಿನ ಹಂತದ ಬಾಗಿಲು ತೆರೆಯದು.

ಹಂತ 3: ಏಣಿ ಹತ್ತಿ ಸೀಲಿಂಗ್ ಮೇಲೆ ನೋಡಿ

ಜಾಗದ ಡ್ರಾಯಿಂಗ್ ಜೊತೆಗೆ ನಿಲ್ದಾಣದವರು ಒಂದು ಕೈಪಿಡಿ ಕೊಡುತ್ತಾರೆ. ಫಿಟ್‌ಔಟ್ ಗೈಡ್, ಟೆನೆಂಟ್ ಡಿಸೈನ್ ಮ್ಯಾನ್ಯುಯಲ್ ಹೀಗೆ ಹೆಸರು ನಾನಾ ಬಗೆ. ಅದನ್ನು ವಾಸ್ತುಶಿಲ್ಪಿಗೆ ಕಳಿಸಿ ಸುಮ್ಮನಾಗದೆ ನೀವೂ ಕೂತು ಓದಿ. ಈ ಬರಹದಲ್ಲಿರುವುದಕ್ಕೂ ಅದರಲ್ಲಿರುವುದಕ್ಕೂ ವ್ಯತ್ಯಾಸ ಕಂಡರೆ ಕೈಪಿಡಿಯದೇ ಕೊನೆಯ ಮಾತು.

ಆಮೇಲೆ ನಿಲ್ದಾಣದ ಎಂಜಿನಿಯರಿಂಗ್ ವಿಭಾಗದ ಒಬ್ಬರ ಜೊತೆ ಸ್ಥಳಕ್ಕೆ ಹೋಗಿ. ಟೇಪು ಹಿಡಿದು ಉದ್ದ ಅಗಲ ಅಳೆಯುವುದು ಅರ್ಧ ಕೆಲಸವಷ್ಟೆ. ಅನುಮತಿ ಪಡೆದು ಏಣಿ ಹತ್ತಿ, ಸೀಲಿಂಗ್‌ನ ಒಂದು ಟೈಲ್ ಸರಿಸಿ ಟಾರ್ಚ್ ಬಿಟ್ಟು ನೋಡಿ. ತಗಡಿನ ದೊಡ್ಡ ಗಾಳಿ ಡಕ್ಟು, ಅದರ ಪಕ್ಕದಲ್ಲಿ ಕೆಂಪು ಬಣ್ಣದ ಸ್ಪ್ರಿಂಕ್ಲರ್ ಪೈಪು, ಕೇಬಲ್ ಟ್ರೇ, ಅದರ ಮೇಲೆ ಕಟ್ಟು ಕಟ್ಟಾಗಿ ಹೋಗಿರುವ ಡೇಟಾ ಕೇಬಲ್ಲು, ಎಲ್ಲೋ ಮೂಲೆಯಲ್ಲಿ ಹೊಗೆ ಪತ್ತೆ ಮಾಡುವ ಡಿಟೆಕ್ಟರು. ಇವುಗಳಲ್ಲಿ ಬಹುಪಾಲು ನಿಮ್ಮ ಮಳಿಗೆಗೆ ಸೇರಿದ್ದಲ್ಲ. ಪಕ್ಕದ ಗೇಟಿನ ಬೋರ್ಡಿಗೆ, ಸಾಮಾನಿನ ಬೆಲ್ಟಿಗೆ, ಇನ್ನೊಂದು ಮಹಡಿಗೆ ಹೋಗುವ ದಾರಿಯಲ್ಲಿ ನಿಮ್ಮ ತಲೆಯ ಮೇಲೆ ಹಾದಿವೆ. ನಿಮ್ಮ ಹೊಸ ಸೀಲಿಂಗ್ ಎಷ್ಟು ಎತ್ತರದಲ್ಲಿ ನಿಲ್ಲಬಹುದು, ಅಡುಗೆಯ ಹೊಗೆಯ ಡಕ್ಟಿಗೆ ದಾರಿ ಉಂಟೇ, ರಿಪೇರಿಯವರು ಮುಂದೆ ಎಲ್ಲಿಂದ ಮೇಲೆ ಹತ್ತಬೇಕು ಎಂಬುದನ್ನು ನಿರ್ಧರಿಸುವುದು ಈ ನೋಟ. ಫೋಟೋ ತೆಗೆಯಲು ಅನುಮತಿ ಬೇಕು, ಕೇಳಿ ತೆಗೆಯಿರಿ. ಗೋಡೆ ನೆಲಗಳಲ್ಲಿ ಆಗಲೇ ಇರುವ ಬಿರುಕು, ಕಲೆಗಳ ಫೋಟೋವನ್ನೂ ಕೈಬದಲಾವಣೆಯ ಪತ್ರಕ್ಕೆ ಲಗತ್ತಿಸಿ.

ಹಂತ 4: ಡ್ರಾಯಿಂಗ್‌ನಲ್ಲೇ ಮಳಿಗೆ ಕಟ್ಟಿ ಮುಗಿಸಿ

ಇಡೀ ಪ್ರಕ್ರಿಯೆಯ ತಿರುಳು ಇಲ್ಲಿದೆ. ಸೈಟಿನಲ್ಲಿ ನೋಡಿಕೊಳ್ಳೋಣ ಎಂಬ ನಮ್ಮ ಮಾಮೂಲಿ ಪದ್ಧತಿ ಇಲ್ಲಿ ನಡೆಯದು. ಏನೇ ತೀರ್ಮಾನವಾದರೂ ಕಾಗದದ ಮೇಲೆ ಆಗಬೇಕು.

ಸಾಮಾನ್ಯವಾಗಿ ಎರಡು ಸುತ್ತು. ಮೊದಲು ಕಾನ್ಸೆಪ್ಟ್: ಮಳಿಗೆ ಹೇಗೆ ಕಾಣುತ್ತದೆ, ಬೋರ್ಡು ಎಲ್ಲಿ, ಸಾಲು ಎತ್ತ ನಿಲ್ಲುತ್ತದೆ. ಇದನ್ನು ನೋಡುವವರು ಹೆಚ್ಚಾಗಿ ವಿನ್ಯಾಸ ಮತ್ತು ಕಮರ್ಷಿಯಲ್ ವಿಭಾಗದವರು. ಬೆಂಗಳೂರಿನ ಎರಡನೇ ಟರ್ಮಿನಲ್ ನೋಡಿದವರಿಗೆ ಇದರ ಬಿಗಿ ಯಾಕೆಂದು ಅರ್ಥವಾಗುತ್ತದೆ. ಬಿದಿರಿನ ಸೀಲಿಂಗ್, ತೂಗುವ ತೋಟಗಳಿಂದ ಉದ್ಯಾನದ ಒಳಗೇ ನಡೆದಂತೆ ಅನಿಸಬೇಕೆಂದು ಸ್ಕಿಡ್‌ಮೋರ್, ಓವಿಂಗ್ಸ್ ಆ್ಯಂಡ್ ಮೆರಿಲ್ ಸಂಸ್ಥೆ ರೂಪಿಸಿದ ಕಟ್ಟಡ ಅದು. 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾಗುವ ಮೊದಲೇ ಹಸಿರು ಕಟ್ಟಡಗಳಿಗೆ ಕೊಡುವ ಲೀಡ್ ಪ್ಲಾಟಿನಂ ಪೂರ್ವ ಮಾನ್ಯತೆ ಪಡೆದಿತ್ತು. ಅಂಥ ಕಡೆ ಕಣ್ಣು ಕುಕ್ಕುವ ಎಲ್‌ಇಡಿ ಬೋರ್ಡು, ಗಾಢ ವಾಸನೆಯ ಪೇಂಟು ಒಪ್ಪಿಗೆಯಾಗುವುದು ಕಷ್ಟ. ಪ್ರಯಾಣಿಕರಿಗೆ ದಾರಿ ತೋರುವ ಫಲಕಗಳನ್ನು ನಿಮ್ಮ ಬೋರ್ಡು ಮರೆಮಾಡಕೂಡದು ಎಂಬುದಂತೂ ಎಲ್ಲ ನಿಲ್ದಾಣಗಳ ನಿಯಮ.

ಎರಡನೇ ಸುತ್ತು ಪೂರ್ಣ ಡ್ರಾಯಿಂಗ್. ನೆಲದ ನಕ್ಷೆ, ಸೀಲಿಂಗ್ ನಕ್ಷೆ, ಅಡ್ಡಕೊಯ್ತ, ವಿದ್ಯುತ್ತಿನ ಸಿಂಗಲ್ ಲೈನ್ ಚಿತ್ರ, ಲೋಡ್ ಲೆಕ್ಕ, ಎಸಿ, ನೀರು ಚರಂಡಿ, ಸ್ಪ್ರಿಂಕ್ಲರ್ ಮತ್ತು ಅಲಾರ್ಮ್, ಸಾಮಗ್ರಿಗಳ ಪಟ್ಟಿ. ಭಾರವಾದ ತಿಜೋರಿಯೋ ಡೀಪ್ ಫ್ರೀಜರೋ ಇದ್ದರೆ ನೆಲದ ಸ್ಲ್ಯಾಬ್ ತಡೆಯುತ್ತದೆಂದು ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಮಾಡಿದ ಲೆಕ್ಕವೂ ಬೇಕಾಗುತ್ತದೆ.

ಇವುಗಳಲ್ಲಿ ಹೆಚ್ಚು ಸಲ ವಾಪಸು ಬರುವುದು ಬೆಂಕಿಗೆ ಸಂಬಂಧಿಸಿದ ಹಾಳೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗ ಬೆಂಕಿ ಮತ್ತು ಜೀವರಕ್ಷಣೆಗೆ ಮೀಸಲು. ಅದರ ಪ್ರಕಾರ ವಿಮಾನ ನಿಲ್ದಾಣದ ಟರ್ಮಿನಲ್ ಜನ ಸೇರುವ ಕಟ್ಟಡಗಳ ವರ್ಗಕ್ಕೆ ಸೇರುತ್ತದೆ. ಸಿನಿಮಾ ಮಂದಿರದಂತೆ ಇಲ್ಲಿಯೂ ಒಮ್ಮೆಗೇ ಸಾವಿರಾರು ಜನ, ಅವರಲ್ಲಿ ಹೆಚ್ಚಿನವರಿಗೆ ದಾರಿ ಹೊಸದು, ಕೈಯಲ್ಲಿ ಸಾಮಾನು, ಮಕ್ಕಳು. ಹೀಗಾಗಿ ನಿಮ್ಮ ಕೌಂಟರಿನ ಮುಂದಿನ ಸಾಲು ತುರ್ತು ದಾರಿಗೆ ಅಡ್ಡ ಬರುತ್ತದೆಯೇ ಎಂದು ಸೂಕ್ಷ್ಮವಾಗಿ ನೋಡುತ್ತಾರೆ. ನಾಲ್ಕು ಕುರ್ಚಿ ಹೆಚ್ಚು ಹಾಕುವ ಆಸೆಯಿಂದ ಆ ದಾರಿಯ ಅಂಚಿಗೆ ಬಂದರೆ ಹಾಳೆ ವಾಪಸು ಬರುವುದು ಖಚಿತ.

ಸೀಲಿಂಗ್ ವಿಷಯ ಇನ್ನೂ ನಾಜೂಕು. ತೆರೆದ ಹಜಾರದಲ್ಲಿ ನೀವು ನೆಲದಿಂದ ಮೇಲಿನವರೆಗೆ ಜಿಪ್ಸಂ ಗೋಡೆ ಎಬ್ಬಿಸಿ, ಅದರ ಮೇಲೊಂದು ಸೀಲಿಂಗ್ ಮುಚ್ಚಿದಿರಿ ಎನ್ನಿ. ಹಜಾರಕ್ಕೆಂದು ಇಟ್ಟ ಸ್ಪ್ರಿಂಕ್ಲರ್‌ನ ನೀರು ಈಗ ನಿಮ್ಮ ಮಳಿಗೆಯ ಒಳಗೆ ಬೀಳದು, ಹಜಾರದ ಡಿಟೆಕ್ಟರಿಗೆ ನಿಮ್ಮ ಹೊಗೆ ಮುಟ್ಟದು. ಹೀಗೆ ಹುಟ್ಟಿದ ಹೊಸ ಪೆಟ್ಟಿಗೆಗೆ ಹೊಸ ಸ್ಪ್ರಿಂಕ್ಲರ್, ಹೊಸ ಡಿಟೆಕ್ಟರ್ ಬೇಕು, ಸೀಲಿಂಗ್ ಮೇಲಿನ ಟೊಳ್ಳಿಗೂ ಬೇಕಾಗಬಹುದು. ಮೇಲೆ ಮುಚ್ಚದ ಕಿಯೋಸ್ಕಿಗೆ ಈ ತೊಡಕು ಬಹಳ ಕಡಿಮೆ. ಮೊದಲ ಸಲ ಏರ್‌ಪೋರ್ಟಿಗೆ ಬರುವವರು ತೆರೆದ ವಿನ್ಯಾಸವನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಹಣವೂ ಉಳಿಯುತ್ತದೆ, ವಾರಗಳೂ ಉಳಿಯುತ್ತವೆ. ಗೋದಾಮಿನ ಮೂಲೆಯಲ್ಲಿ ಸಾಮಾನನ್ನು ಮೇಲಿನವರೆಗೆ ಪೇರಿಸುವ ಕಪಾಟನ್ನೂ ಬರೆಯಬೇಡಿ. ಸ್ಪ್ರಿಂಕ್ಲರ್ ಕೆಳಗೆ ಸುಮಾರು ಅರ್ಧ ಮೀಟರಿನಷ್ಟು ಜಾಗ ಖಾಲಿ ಇದ್ದರೆ ಮಾತ್ರ ನೀರು ಹರಡಲು ಸಾಧ್ಯ.

ಸಾಮಗ್ರಿಗಳ ವಿಷಯದಲ್ಲಿ ಬಾಯಿಮಾತು ನಡೆಯದು. ಪ್ಲೈವುಡ್ ಎಂದರೆ ಬೆಂಕಿ ತಡೆಯುವ ಐಎಸ್ 5509 ಗುರುತಿನದು. ಕೇಬಲ್ ಎಂದರೆ ಉರಿದಾಗ ಹೊಗೆ ಕಡಿಮೆ ಬಿಡುವ ಬಗೆಯದು. ಗಾಜು ಟಫನ್ ಮಾಡಿದ್ದು ಅಥವಾ ಲ್ಯಾಮಿನೇಟ್ ಆದದ್ದು. ಪ್ರತಿಯೊಂದಕ್ಕೂ ತಯಾರಕರ ಪರೀಕ್ಷಾ ಪ್ರಮಾಣಪತ್ರ ಲಗತ್ತಿಸಬೇಕು, ಆಮೇಲೆ ಅದೇ ಬ್ರ್ಯಾಂಡಿನ ಬಿಲ್ಲನ್ನೂ ತೋರಿಸಬೇಕು. ಪೇಟೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕಾಂಟ್ರಾಕ್ಟರ್ ಬೇರೆ ಪ್ಲೈ ಇಳಿಸಿದರೆ ತಪಾಸಣೆಯ ದಿನ ಕಿತ್ತು ಹಾಕಿಸುತ್ತಾರೆ.

ಉತ್ತರ ಮೂರು ಬಗೆಯಲ್ಲಿ ಬರುತ್ತದೆ: ಒಪ್ಪಿದೆ, ಷರತ್ತುಗಳೊಡನೆ ಒಪ್ಪಿದೆ, ತಿದ್ದಿ ಮತ್ತೆ ಸಲ್ಲಿಸಿ. ಮೂರನೆಯದು ಬಂದರೆ ಎದೆಗುಂದಬೇಡಿ, ಅದು ಮಾಮೂಲು. ಅವರ ಒಂದೊಂದು ಆಕ್ಷೇಪದ ಎದುರಿಗೂ ನೀವೇನು ಮಾಡಿದಿರಿ, ಯಾವ ಹಾಳೆಯಲ್ಲಿ ಎಂದು ಬರೆದ ಪಟ್ಟಿಯ ಜೊತೆ ತಿದ್ದಿದ ಡ್ರಾಯಿಂಗ್ ಕೊಡಿ. ಹಾಳೆಯ ಮೇಲೆ ಆವೃತ್ತಿಯ ಸಂಖ್ಯೆ, ದಿನಾಂಕ ಸ್ಪಷ್ಟವಾಗಿರಲಿ. ಹಳೆಯ ಆವೃತ್ತಿ ಹಿಡಿದು ಸೈಟಿನಲ್ಲಿ ಕೆಲಸ ಮಾಡುವುದರಿಂದ ಆಗುವ ನಷ್ಟಕ್ಕೆ ಯಾರೂ ಹೊಣೆಯಾಗುವುದಿಲ್ಲ.

ಟರ್ಮಿನಲ್ ಹೊರಗೆ ಗೋದಾಮು, ಹ್ಯಾಂಗರ್, ಹೋಟೆಲ್‌ನಂಥ ಕಟ್ಟಡ ಎಬ್ಬಿಸುವವರಿಗೆ ಇನ್ನೊಂದು ಒಪ್ಪಿಗೆ ಬೇಕು. ವಿಮಾನಗಳ ಹಾರಾಟದ ದಾರಿಗೆ ಕಟ್ಟಡದ ಎತ್ತರ ಅಡ್ಡಿಯಾಗಬಾರದೆಂದು ಕೇಂದ್ರ ಸರ್ಕಾರ 2015ರಲ್ಲಿ ನಿಯಮ ತಂದಿದೆ. ಎಎಐನಿಂದ ಎತ್ತರದ ಎನ್‌ಒಸಿ ಪಡೆಯಬೇಕು. ಕಟ್ಟುವಾಗ ನಿಲ್ಲಿಸುವ ಕ್ರೇನಿನ ಎತ್ತರವನ್ನೂ ಮರೆಯದೆ ತಿಳಿಸಿ.

ಹಂತ 5: ಉಳಿದ ಲೈಸೆನ್ಸುಗಳು

ಡ್ರಾಯಿಂಗ್ ಓಡಾಟದ ಜೊತೆಜೊತೆಗೇ ಇವು ನಡೆಯಲಿ. ಆಹಾರ ಮಳಿಗೆಯಾದರೆ ಎಫ್‌ಎಸ್‌ಎಸ್‌ಎಐ ಲೈಸೆನ್ಸ್, ಅದೂ ವಿಮಾನ ನಿಲ್ದಾಣಕ್ಕೆ ಕೇಂದ್ರ ವಿಭಾಗದ್ದು. ನಗರದ ಹೋಟೆಲಿಗೆ ಇರುವ ರಾಜ್ಯ ಲೈಸೆನ್ಸ್ ಇಲ್ಲಿಗೆ ಸಾಲದು. ಜಿಎಸ್‌ಟಿಯಲ್ಲಿ ಈ ವಿಳಾಸ ಸೇರಿಸುವುದು, ತೂಕದ ಯಂತ್ರಕ್ಕೆ ಮುದ್ರೆ ಹಾಕಿಸುವುದು, ಕಾಂಟ್ರಾಕ್ಟರ್ ಕಡೆಯವರ ಪಿಎಫ್, ಇಎಸ್‌ಐ ದಾಖಲೆಗಳು. ನಿಮ್ಮ ಲೆಕ್ಕಪರಿಶೋಧಕರಿಗೆ ಇದೆಲ್ಲ ಗೊತ್ತಿರುವ ದಾರಿ.

ಹಂತ 6: ಕೆಲಸಗಾರರಿಗೆ ಪಾಸ್

ಡ್ರಾಯಿಂಗ್ ಒಪ್ಪಿಗೆಯಾಗಿ, ಸಾಮಾನು ಬಂದು, ಬಡಗಿಗಳು ಮಾತ್ರ ಗೇಟಿನ ಹೊರಗೆ ನಿಂತಿರುವ ಸ್ಥಿತಿ ಏರ್‌ಪೋರ್ಟ್ ಕೆಲಸಗಳಲ್ಲಿ ಹೊಸದಲ್ಲ. ಹಾಗಾಗದಿರಲು ಪಾಸಿನ ಅರ್ಜಿಯನ್ನು ಡ್ರಾಯಿಂಗ್ ಹಂತದಲ್ಲೇ ಶುರು ಮಾಡಿ.

ಭದ್ರತೆಯ ಈ ಬಿಗಿಗೂ ಇತಿಹಾಸವಿದೆ. 1985ರ ಜೂನ್‌ನಲ್ಲಿ ಏರ್ ಇಂಡಿಯಾದ ಕನಿಷ್ಕ ವಿಮಾನ ಆಕಾಶದಲ್ಲೇ ಸ್ಫೋಟಗೊಂಡಿತು. ಡಿಜಿಸಿಎ ಒಳಗೆ ಒಂದು ವಿಭಾಗವಾಗಿದ್ದ ಬಿಸಿಎಎಸ್ 1987ರ ಏಪ್ರಿಲ್‌ನಲ್ಲಿ ಸ್ವತಂತ್ರ ಇಲಾಖೆಯಾಯಿತು. 1999ರ ಡಿಸೆಂಬರ್‌ನಲ್ಲಿ ಕಠ್ಮಂಡುವಿನಿಂದ ಹೊರಟ ಐಸಿ 814 ವಿಮಾನದ ಅಪಹರಣವಾಯಿತು. ಅದರ ಬೆನ್ನಿಗೇ 2000ದ ಫೆಬ್ರವರಿಯಲ್ಲಿ ಜೈಪುರದಿಂದ ಶುರುವಾಗಿ ನಿಲ್ದಾಣಗಳ ಕಾವಲು ಸಿಐಎಸ್‌ಎಫ್ ಕೈಗೆ ಬಂತು. ನಿಮ್ಮ ಬಡಗಿಯ ಆಧಾರ್ ಕಾರ್ಡನ್ನು ತಿರುಗಿಸಿ ನೋಡುವ ಜವಾನರ ಹಿಂದೆ ಇಷ್ಟೆಲ್ಲ ಇದೆ.

ಒಳಗೆ ಬರುವ ಪ್ರತಿಯೊಬ್ಬರಿಗೂ ಏರೋಡ್ರೋಮ್ ಎಂಟ್ರಿ ಪರ್ಮಿಟ್ ಬೇಕು, ಎಲ್ಲರೂ ಎಇಪಿ ಎನ್ನುತ್ತಾರೆ. ದೀರ್ಘ ಅವಧಿಯ ಪಾಸಿಗೆ ಹಿನ್ನೆಲೆ ಪರಿಶೀಲನೆ, ಪೊಲೀಸ್ ವರದಿ, ಭದ್ರತಾ ತಿಳಿವಳಿಕೆಯ ತರಬೇತಿ ಆಗಬೇಕು. ಕೆಲವೇ ದಿನಗಳ ಕೆಲಸಕ್ಕೆ ತಾತ್ಕಾಲಿಕ ಪಾಸು ಉಂಟು, ಆದರೆ ಜೊತೆಯಲ್ಲಿ ಪೂರ್ಣ ಪಾಸಿನವರೊಬ್ಬರು ಇರಬೇಕಾಗುತ್ತದೆ. ಪಾಸಿನ ಮೇಲೆ ಯಾವ ವಲಯಕ್ಕೆ ಹೋಗಬಹುದೆಂದು ಬರೆದಿರುತ್ತದೆ. ಭದ್ರತಾ ತಪಾಸಣೆಯ ಆಚೆಗೆ ಮಳಿಗೆಯಿದ್ದರೆ ಆ ವಲಯವನ್ನು ಅರ್ಜಿಯಲ್ಲೇ ಕೇಳಿ. ಊರಿನಿಂದ ಊರಿಗೆ ಕೆಲಸ ಹುಡುಕಿ ಹೋಗುವ ಮೇಸ್ತ್ರಿಗಳ ವಿಳಾಸದ ಪುರಾವೆ ಒಂದು ಕಡೆಯದು, ವಾಸ ಇನ್ನೊಂದು ಕಡೆ ಆಗಿರುತ್ತದೆ. ಪೊಲೀಸ್ ವರದಿ ತಡವಾಗುವುದು ಬಹುಪಾಲು ಇದರಿಂದಲೇ. ಆದ್ದರಿಂದ ಮೊದಲೇ ಏರ್‌ಪೋರ್ಟ್‌ನಲ್ಲಿ ಕೆಲಸ ಮಾಡಿದ, ಪಾಸು ಇರುವ ಆಳುಗಳಿರುವ ಕಾಂಟ್ರಾಕ್ಟರನ್ನು ಹಿಡಿಯಿರಿ. ದರ ಸ್ವಲ್ಪ ಹೆಚ್ಚಾದರೂ ಒಟ್ಟು ಲೆಕ್ಕದಲ್ಲಿ ನಿಮಗೇ ಲಾಭ.

ಹತಾರಗಳಿಗೂ ಲೆಕ್ಕವಿದೆ. ಉಳಿ, ಗರಗಸ, ಡ್ರಿಲ್ಲು, ಕಟರ್ ಬ್ಲೇಡ್ ಎಲ್ಲದರ ಪಟ್ಟಿ ಮಾಡಿ ಗೇಟಿನಲ್ಲಿ ಎಣಿಸಿ ಒಳಗೆ ಬಿಡುತ್ತಾರೆ, ಹೊರಗೆ ಹೋಗುವಾಗ ಮತ್ತೆ ಎಣಿಸುತ್ತಾರೆ. ಪ್ರಯಾಣಿಕರನ್ನು ತಪಾಸಣೆ ಮಾಡಿ ಬಿಟ್ಟ ಜಾಗದಲ್ಲಿ ಒಂದು ಬ್ಲೇಡ್ ಕಾಣೆಯಾದರೆ ಅದು ಭದ್ರತೆಯ ಪ್ರಕರಣ. ಕೆಲಸ ಮುಗಿಯುವ ಹೊತ್ತಿಗೆ ಮರದ ಪುಡಿಯ ನಡುವೆ ಒಂದು ಸ್ಕ್ರೂಡ್ರೈವರ್ ಬಿಟ್ ಹುಡುಕುತ್ತಾ ಇಡೀ ತಂಡ ನಿಲ್ಲುವ ಪರಿಸ್ಥಿತಿ ಬರಬಾರದೆಂದರೆ, ಪಟ್ಟಿಯನ್ನು ಹಿಡಿದು ಎಣಿಸುವ ಹೊಣೆ ಒಬ್ಬರಿಗೇ ಕೊಡಿ. ಬೇಕಾದಷ್ಟೇ ಹತಾರ ತರಲು ಹೇಳಿ.

ಹಂತ 7: ಪರ್ಮಿಟ್ ಇಲ್ಲದೆ ಒಂದು ರಂಧ್ರವೂ ಬೇಡ

ಮಳಿಗೆಯ ಸುತ್ತ ನೆಲದಿಂದ ಮೇಲಿನವರೆಗೆ ತಡೆಗೋಡೆ ಕಟ್ಟುವುದು ಮೊದಲ ಕೆಲಸ. ಧೂಳು, ಸದ್ದು, ನೋಟ ಮೂರೂ ಹೊರಗೆ ಬರಬಾರದು. ಅದರ ಹೊರಮೈಯಲ್ಲಿ ಏನು ಚಿತ್ರ ಹಾಕಬೇಕೆಂಬುದಕ್ಕೂ ನಿಲ್ದಾಣದ ಒಪ್ಪಿಗೆ ಬೇಕು.

ಸದ್ದಿನ ಕೆಲಸ, ಸಾಮಾನು ಸಾಗಣೆ ಜನ ಕಡಿಮೆಯಿರುವ ಹೊತ್ತಿನಲ್ಲಿ, ಬಹುಪಾಲು ರಾತ್ರಿ. ಬೆಂಗಳೂರಿನಂಥ ನಿಲ್ದಾಣದಲ್ಲಿ ನಸುಕಿನಲ್ಲೇ ಜನ ತುಂಬುವುದರಿಂದ ಕೈಗೆ ಸಿಗುವುದು ಕೆಲವೇ ತಾಸು. ಅದರಲ್ಲಿ ಗೇಟಿನ ತಪಾಸಣೆಗೆ, ಕೊನೆಯ ಗುಡಿಸುವಿಕೆಗೆ, ಹತಾರ ಎಣಿಸುವುದಕ್ಕೆ ಹೋಗುವ ಹೊತ್ತನ್ನು ಕಳೆಯಿರಿ. ಪೇಟೆಯಲ್ಲಿ ಹದಿನೈದು ದಿನದಲ್ಲಿ ಮುಗಿಯುವ ಮರಗೆಲಸ ಇಲ್ಲಿ ಒಂದೂವರೆ ತಿಂಗಳು ಹಿಡಿಯಬಹುದು. ಇದಕ್ಕೆ ಒಳ್ಳೆಯ ಉಪಾಯವೆಂದರೆ ಕೌಂಟರ್, ಕಪಾಟುಗಳನ್ನು ಹೊರಗಿನ ವರ್ಕ್‌ಶಾಪಿನಲ್ಲೇ ತುಂಡು ತುಂಡಾಗಿ ಮಾಡಿಸಿ ತಂದು ಒಳಗೆ ಜೋಡಿಸುವುದು. ಸರಕು ಲಿಫ್ಟಿನ ಬಾಗಿಲಿನ ಅಳತೆ ಮೊದಲೇ ತೆಗೆದುಕೊಳ್ಳಿ.

ಪ್ರತಿ ಅಪಾಯದ ಕೆಲಸಕ್ಕೂ ಆಯಾ ದಿನದ ಪರ್ಮಿಟ್ ಬೇರೆ. ಎತ್ತರದ ಕೆಲಸ, ವಿದ್ಯುತ್ ಕೆಲಸ, ಬೆಂಕಿ ಕಿಡಿಯ ಕೆಲಸ ಹೀಗೆ. ಕಿಡಿಯ ಕೆಲಸವೆಂದರೆ ವೆಲ್ಡಿಂಗ್ ಮಾತ್ರವಲ್ಲ, ಗ್ರೈಂಡರ್ ಹಿಡಿದು ಕಬ್ಬಿಣ ಕತ್ತರಿಸುವುದೂ ಅದೇ. ಪರ್ಮಿಟ್ ಕೊಡುವವರು ಸ್ಥಳಕ್ಕೆ ಬಂದು ಸುತ್ತಲಿನ ಉರಿಯುವ ವಸ್ತು ತೆಗೆದಿದೆಯೇ, ಬೆಂಕಿ ಹೊದಿಕೆ ಹಾಸಿದೆಯೇ, ನಂದಕ ಕೈಗೆ ಸಿಗುವಂತಿದೆಯೇ ಎಂದು ನೋಡುತ್ತಾರೆ. ಕೆಲಸ ನಡೆಯುವಷ್ಟು ಹೊತ್ತೂ ಬರೀ ನೋಡುತ್ತಾ ನಿಲ್ಲಲು ಒಬ್ಬ ಮನುಷ್ಯ ಬೇಕು, ಕೆಲಸ ನಿಂತ ಮೇಲೂ ಅರ್ಧದಿಂದ ಒಂದು ತಾಸು ಅಲ್ಲೇ ಇರಬೇಕು. ಒಳಗೇ ಕನಲುವ ಕಿಡಿ ತಡವಾಗಿ ಹೊತ್ತಿಕೊಳ್ಳುತ್ತದೆ. ಈ ಮನುಷ್ಯನ ಕೂಲಿ ಉಳಿಸಲು ಹೋಗಬೇಡಿ.

ಧೂಳಿನ ಬಗ್ಗೆಯೂ ಒಂದು ಮಾತು. ಪುಟ್ಟಿ ಉಜ್ಜುವಾಗ ಏಳುವ ಬಿಳಿ ಧೂಳನ್ನು ಹೊಗೆಯ ಡಿಟೆಕ್ಟರ್ ಹೊಗೆಯೆಂದೇ ತಿಳಿಯುತ್ತದೆ. ಅಲಾರ್ಮ್ ಬಡಿದರೆ ಟರ್ಮಿನಲ್‌ನ ಒಂದು ಭಾಗವನ್ನೇ ಖಾಲಿ ಮಾಡಿಸಬೇಕಾಗಬಹುದು. ಹಾಗೆಂದು ಕೆಲಸಗಾರರು ತಾವೇ ಡಿಟೆಕ್ಟರಿಗೆ ಪ್ಲಾಸ್ಟಿಕ್ ಕಟ್ಟುವುದು ಅದಕ್ಕಿಂತ ದೊಡ್ಡ ತಪ್ಪು, ಯಾಕೆಂದರೆ ಬೆಳಿಗ್ಗೆ ಅದನ್ನು ಬಿಚ್ಚಲು ಯಾರಿಗೂ ನೆನಪಿರುವುದಿಲ್ಲ. ಫೈರ್ ಕಂಟ್ರೋಲ್ ರೂಮಿಗೆ ಬರೆದುಕೊಟ್ಟು, ಅವರಿಂದಲೇ ಆ ಡಿಟೆಕ್ಟರನ್ನು ಪ್ರತ್ಯೇಕಿಸಿ, ಕೆಲಸವಾದ ಮೇಲೆ ಮತ್ತೆ ಚಾಲೂ ಆಯಿತೆಂದು ಸಹಿ ಪಡೆಯಬೇಕು. ಸ್ಪ್ರಿಂಕ್ಲರ್ ಪೈಪಿನ ನೀರು ಇಳಿಸುವುದಕ್ಕೂ ಇದೇ ಕ್ರಮ.

ನೆಲಕ್ಕೆ ಬೋಲ್ಟ್ ಹೊಡೆಯುವ ಮುನ್ನ ಸ್ಕ್ಯಾನರ್ ಹಿಡಿದು ಸ್ಲ್ಯಾಬ್ ಒಳಗೆ ಕಂಬಿ, ಕೇಬಲ್ ಎಲ್ಲಿವೆ ಎಂದು ಗುರುತು ಹಾಕಿಸಿ. ಬಿಗಿದ ಉಕ್ಕಿನ ತಂತಿಗಳಿರುವ ಸ್ಲ್ಯಾಬಾದರೆ ಒಂದು ತಪ್ಪು ರಂಧ್ರ ಕಟ್ಟಡದ ಬಲಕ್ಕೇ ಪೆಟ್ಟು ಕೊಡುತ್ತದೆ. ಗೋಡೆಯ ಮೂಲಕ ಕೇಬಲ್ ತೂರಿಸಿದ ಪ್ರತಿ ತೂತನ್ನೂ ಬೆಂಕಿ ತಡೆಯುವ ಸೀಲಂಟ್‌ನಿಂದ ಮುಚ್ಚಿ, ಮುಚ್ಚುವ ಮುನ್ನ ಮತ್ತು ಮುಚ್ಚಿದ ಮೇಲೆ ಫೋಟೋ ಇಟ್ಟುಕೊಳ್ಳಿ.

ಹಂತ 8: ಮುಚ್ಚುವ ಮುನ್ನ ತೋರಿಸಿ

ತಪಾಸಣೆ ಕೊನೆಯಲ್ಲಿ ಒಂದೇ ಸಲ ಎಂದು ತಿಳಿಯಬೇಡಿ. ಸೀಲಿಂಗ್ ಬೋರ್ಡು ಮುಚ್ಚುವ ಮೊದಲು, ನೆಲದಡಿಯ ಪೈಪು ಮುಚ್ಚುವ ಮೊದಲು ಎಂಜಿನಿಯರನ್ನು ಕರೆದು ತೋರಿಸಿ ಸಹಿ ಪಡೆಯಬೇಕು. ಸಹಿಯಿಲ್ಲದೆ ಮುಚ್ಚಿದರೆ ಬಿಚ್ಚಿಸಿ ನೋಡುವ ಹಕ್ಕು ಅವರಿಗಿದೆ, ಬಿಚ್ಚಿಸುತ್ತಾರೆ ಕೂಡ. ಎರಡು ದಿನ ಮುಂಚೆಯೇ ಬರಹದಲ್ಲಿ ಕರೆ ಕಳಿಸಿ.

ಕೊನೆಯಲ್ಲಿ ವಿದ್ಯುತ್ತಿನ ನಿರೋಧ ಮತ್ತು ಅರ್ತಿಂಗ್ ಪರೀಕ್ಷೆ, ಸ್ಪ್ರಿಂಕ್ಲರ್ ಪೈಪಿನ ಒತ್ತಡದ ಪರೀಕ್ಷೆ, ಡಿಟೆಕ್ಟರಿಗೆ ಪರೀಕ್ಷೆಯ ಹೊಗೆ ಊದಿ ಕಂಟ್ರೋಲ್ ರೂಮಿನಲ್ಲಿ ನಿಮ್ಮ ಮಳಿಗೆಯ ಹೆಸರೇ ಮೂಡುತ್ತದೆಯೇ ಎಂಬ ಪರೀಕ್ಷೆ. ಉಳಿದ ಕೊರತೆಗಳ ಪಟ್ಟಿಗೆ ಸ್ನ್ಯಾಗ್ ಲಿಸ್ಟ್ ಎನ್ನುತ್ತಾರೆ. ಬಣ್ಣದ ಕಲೆಯಂಥವನ್ನು ಆಮೇಲೆ ಸರಿಪಡಿಸಲು ಬಿಡಬಹುದು, ಬೆಂಕಿ ಮತ್ತು ವಿದ್ಯುತ್ತಿನದನ್ನು ಬಿಡುವುದಿಲ್ಲ. ಕಟ್ಟಿದ್ದು ಹೇಗಿದೆಯೋ ಹಾಗೆಯೇ ತೋರಿಸುವ ಆ್ಯಸ್-ಬಿಲ್ಟ್ ಡ್ರಾಯಿಂಗ್, ಪರೀಕ್ಷಾ ವರದಿಗಳು, ಸಾಮಗ್ರಿಗಳ ಪ್ರಮಾಣಪತ್ರಗಳು ಎಲ್ಲವನ್ನೂ ಕಡತ ಮಾಡಿ ಕೊಟ್ಟ ಮೇಲೆ ಮಳಿಗೆ ತೆರೆಯುವ ಅನುಮತಿ ಪತ್ರ ಬರುತ್ತದೆ. ಉದ್ಘಾಟನೆಯ ಮುಹೂರ್ತವನ್ನು ಆ ಪತ್ರ ಕೈಗೆ ಬಂದ ಮೇಲೆ ಇಡಿಸಿ.

ಹಂತ 9: ತೆರೆದ ಮೇಲೆ

ಒಪ್ಪಿಗೆ ಆ ಡ್ರಾಯಿಂಗ್‌ಗೆ ಮಾತ್ರ. ಹಬ್ಬಕ್ಕೆಂದು ಒಂದು ಹೊಸ ಕಪಾಟು, ಹೊಸ ಬಿಸಿ ಯಂತ್ರ, ಬೋರ್ಡಿನ ಸುತ್ತ ಸರಮಾಲೆ ದೀಪ ಏನೇ ಸೇರಿಸಿದರೂ ಮತ್ತೆ ಕೇಳಬೇಕು, ಸಣ್ಣದಾದರೆ ಸಣ್ಣ ಅರ್ಜಿ ಸಾಕು. ಭದ್ರತಾ ವಲಯದ ಅಡುಗೆಮನೆಯಲ್ಲಿ ಚಾಕುಗಳ ಎಣಿಕೆ ದಿನವೂ ಇರುತ್ತದೆ. ಕೆಲಸ ಬಿಟ್ಟ ಹುಡುಗನ ಪಾಸನ್ನು ಕೂಡಲೇ ಹಿಂದಿರುಗಿಸಿ, ಅದು ಕಳೆದುಹೋದರೆ ನೀವು ಪೊಲೀಸ್ ದೂರು ಕೊಡಬೇಕಾಗುತ್ತದೆ.

ಲೈಸೆನ್ಸ್ ಮುಗಿದಾಗ ಮಳಿಗೆಯನ್ನು ಮೊದಲಿದ್ದ ಸ್ಥಿತಿಗೆ ತಂದು ಕೊಡಬೇಕೆಂಬ ಷರತ್ತು ಹೆಚ್ಚಿನ ಕರಾರುಗಳಲ್ಲಿದೆ. ಬಿಚ್ಚುವ ಕೆಲಸಕ್ಕೂ ಇದೇ ಪಾಸು, ಇದೇ ಪರ್ಮಿಟ್, ಇದೇ ರಾತ್ರಿ ಪಾಳಿ, ಆ ದಿನಗಳಿಗೂ ಶುಲ್ಕ ಓಡುತ್ತಿರುತ್ತದೆ. ಕೊನೆಯ ದಿನಕ್ಕೆ ಕನಿಷ್ಠ ಎರಡು ತಿಂಗಳ ಮುಂಚೆ ಕಾಂಟ್ರಾಕ್ಟರನ್ನು ಗೊತ್ತುಮಾಡಿ, ಮೂರನೇ ಹಂತದಲ್ಲಿ ತೆಗೆದ ಫೋಟೋಗಳ ಜೊತೆ ಜಾಗ ಒಪ್ಪಿಸಿ, ಬಾಕಿ ಇಲ್ಲವೆಂಬ ಪತ್ರ ಪಡೆದು ಠೇವಣಿ ವಾಪಸಿಗೆ ಅರ್ಜಿ ಹಾಕಿ.